ಡಾಕ್ಟರ್ ರಾಜಾ ರಾಮಣ್ಣನವರ ಜೀವನ ವೃತ್ತಾಂತ

ಚಿತ್ರದುರ್ಗದ ಕಲ್ಲಿನ ಕೋಟೆಯನ್ನು ನೋಡಬರುವವರು ಓಬವ್ವನ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಹೋಗುವುದಿಲ್ಲ. ಗಂಡನು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ನೀರಿಗೆಂದು ಹೋದ ಆ ವೀರವನಿತೆಯು, ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುವುದನ್ನು ಕಂಡು, ಮನೆಯಲ್ಲಿ ಭತ್ತ ಕುಟ್ಟುವ ಒನಕೆಯನ್ನೇ ಕೈಗೆತ್ತಿಕೊಂಡು ದುರ್ಗದ ಮಾನವನ್ನು ಕಾಯ್ದ ಕಥೆಯನ್ನು ನಮ್ಮ ಶಾಲೆಯ ಅತಿ ಚಿಕ್ಕ ಬಾಲಿಕೆಯೂ ಬಲ್ಲಳು. ಬೆಳಗ್ಗೆ ಮನೆಮಂದಿಗೆ ಅನ್ನವನ್ನು ಒದಗಿಸಿದ ಒನಕೆಯೇ ಮಧ್ಯಾಹ್ನಕ್ಕೆ ಆಯುಧವಾಯಿತು. ಮರವೂ ಅದೇ, ಹಿಡಿದ ಕೈಯೂ ಅದೇ; ಬಳಸಿದ ಉದ್ದೇಶವೊಂದೇ ಬೇರೆ.

ನಾವು ಬಾಳುತ್ತಿರುವ ಈ ಕಾಲದಲ್ಲಿಯೂ ಅಂತಹ ಎರಡು ಮುಖದ ಸಾಧನವೊಂದಿದೆ. ಒಂದು ಕಡೆ ಅದು ಊರೂರಿಗೆ ದೀಪವನ್ನು ಬೆಳಗುತ್ತದೆ. ಮತ್ತೊಂದು ಕಡೆ ಊರಿಗೆ ಊರನ್ನೇ ಸುಡಬಲ್ಲ ವಸ್ತುವನ್ನು ತನ್ನ ಒಡಲಲ್ಲಿ ಹುಟ್ಟಿಸುತ್ತದೆ. ರಿಯಾಕ್ಟರೆಂದು ಕರೆಯಲ್ಪಡುವ ಈ ಪರಮಾಣು ಕುಲುಮೆಯನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದ ಮಹನೀಯರಲ್ಲಿ ಕನ್ನಡ ನಾಡಿನವರಾದ ಡಾಕ್ಟರ್ ರಾಜಾ ರಾಮಣ್ಣನವರು ಅಗ್ರಗಣ್ಯರು. ಅವರು ಗತಿಸಿ ಇಪ್ಪತ್ತು ವರ್ಷಗಳ ಮೇಲಾಯಿತು. ಈಗ ನಮ್ಮ ತರಗತಿಗಳಲ್ಲಿ ಓದುತ್ತಿರುವ ಬಾಲಿಕೆಯರಲ್ಲಿ ಒಬ್ಬಳೂ ಆಗ ಜನಿಸಿರಲಿಲ್ಲ. ಆದಕಾರಣ, ಅವರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡಲು ಬಯಸುತ್ತೇವೆ. ಹೊಗಳುವುದೇ ನಮ್ಮ ಉದ್ದೇಶವಲ್ಲ, ತೆಗಳುವುದೂ ಅಲ್ಲ. ದೊಡ್ಡವರ ಬಾಳನ್ನು ಇದ್ದಂತೆಯೇ ತಿಳಿದು ತೂಗಿ ನೋಡುವುದು ವಿದ್ಯೆಯ ಒಂದು ಭಾಗವೆಂದು ನಾವು ನಂಬಿದ್ದೇವೆ.

ರಾಮಣ್ಣನವರು 1925ನೆಯ ಇಸವಿ ಜನವರಿ 28ರಂದು ನಮ್ಮ ಹಿರಿಯೂರಿನ ಗಡಿಗೆ ಹೊಂದಿಕೊಂಡಿರುವ ತುಮಕೂರು ಸೀಮೆಯಲ್ಲಿ ಜನಿಸಿದರು. ತಂದೆಯವರು ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿ ಅಧಿಕಾರದಲ್ಲಿದ್ದು ಒಳ್ಳೆಯ ನ್ಯಾಯಾಧೀಶರೆಂದು ಹೆಸರು ಪಡೆದಿದ್ದವರು. ತಾಯಿ ರುಕ್ಮಿಣಿಯಮ್ಮನವರು ಓದಿನಲ್ಲಿ ಬಹಳ ಆಸಕ್ತಿಯುಳ್ಳವರು. ಹೆಣ್ಣುಮಕ್ಕಳು ಪುಸ್ತಕ ಹಿಡಿಯುವುದನ್ನೇ ಹಲವರು ಆಕ್ಷೇಪಿಸುತ್ತಿದ್ದ ಆ ದಿನಗಳಲ್ಲಿ ಆಕೆ ಷೇಕ್ಸ್‌ಪಿಯರನ ನಾಟಕಗಳನ್ನೂ ವಿಕ್ಟರ್ ಹ್ಯೂಗೋವಿನ ಕಾದಂಬರಿಗಳನ್ನೂ ಪ್ರೀತಿಯಿಂದ ಓದುತ್ತಿದ್ದರು.

ಆ ಮನೆಯಲ್ಲಿ ಬಾಲಕನ ಮೇಲೆ ಪ್ರಭಾವ ಬೀರಿದ ಮತ್ತೊಬ್ಬ ಮಹಿಳೆಯಿದ್ದರು. ಅವರೇ ರುಕ್ಮಿಣಿಯಮ್ಮನವರ ತಂಗಿಯಾದ ರಾಜಮ್ಮನವರು. ಪತಿಯನ್ನು ಕಳೆದುಕೊಂಡ ಈ ಚಿಕ್ಕಮ್ಮನವರು ಮೂಲೆ ಹಿಡಿದು ಕುಳಿತುಕೊಳ್ಳದೆ ಸರಕಾರದ ಮಿಡ್ಲ್ ಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದರು. ಅವರ ತಿಂಗಳ ಸಂಬಳ 50 ರೂಪಾಯಿಗಳು. ರಾಮಣ್ಣನವರು ಮುಂದೆ ಎಷ್ಟೋ ದೊಡ್ಡ ಪದವಿಗಳನ್ನು ಏರಿದರೂ, ತಮ್ಮನ್ನು ತಿದ್ದಿ ಬೆಳೆಸಿದವರು ಈ ಇಬ್ಬರು ಸ್ತ್ರೀಯರೆಂದು ಕೊನೆಯವರೆಗೂ ಸ್ಮರಿಸುತ್ತಿದ್ದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸದಿಂದ ಮನೆತನಕ್ಕೆ ಏನು ಲಾಭವೆಂದು ಇಂದಿಗೂ ಕೇಳುವವರಿದ್ದರೆ, ಈ ಒಂದು ಉದಾಹರಣೆಯೇ ಉತ್ತರವಾಗಲಿ.

ಬಾಲ್ಯದ ವಿದ್ಯಾಭ್ಯಾಸವು ಮೈಸೂರಿನ ಕಾನ್ವೆಂಟ್ ಶಾಲೆಯೊಂದರಲ್ಲಿಯೂ, ತರುವಾಯ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ ನಡೆಯಿತು. ಪಿಯಾನೋ ವಾದ್ಯವನ್ನು ಅವರು ಚಿಕ್ಕಂದಿನಲ್ಲಿಯೇ ಕಲಿಯತೊಡಗಿದರು. ಕಾಲೇಜು ಶಿಕ್ಷಣಕ್ಕಾಗಿ ತಾಂಬರದಲ್ಲಿರುವ ಮದರಾಸ್ ಕ್ರಿಶ್ಚಿಯನ್ ಕಾಲೇಜನ್ನು ಸೇರಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿಯನ್ನು ಪಡೆದರು. ಹೀಗೆ ಬೈಬಲನ್ನೂ ಭೌತಶಾಸ್ತ್ರವನ್ನೂ ಒಂದೇ ಸೂರಿನಡಿಯಲ್ಲಿ ಕಲಿಸುವ ವಿದ್ಯಾಸಂಸ್ಥೆಗಳಲ್ಲಿ ಅವರ ಬಾಲ್ಯ ಯೌವನಗಳು ಕಳೆದುವು. ನಮ್ಮದೂ ಅಂತಹ ಒಂದು ಸಂಸ್ಥೆಯಾಗಿರುವುದರಿಂದ ಈ ಸಂಗತಿಯನ್ನು ವಿಶೇಷವಾಗಿ ಇಲ್ಲಿ ನೆನೆಯುತ್ತೇವೆ.

ವಿದ್ಯಾರ್ಥಿ ದೆಸೆಯಲ್ಲಿಯೇ, 1944ರಲ್ಲಿ, ಅವರಿಗೆ ಹೋಮಿ ಭಾಭಾ ಅವರ ಪರಿಚಯವಾಯಿತು. ಯುದ್ಧದ ದೆಸೆಯಿಂದ ವಿಲಾಯತಿಗೆ ಹಿಂದಿರುಗಲಾರದೆ ಭಾಭಾ ಅವರು ಆಗ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸುತ್ತಿದ್ದರು. ಇಬ್ಬರನ್ನೂ ಕೂಡಿಸಿದ್ದು ಭೌತಶಾಸ್ತ್ರವಲ್ಲ, ಸಂಗೀತ. ಪಿಯಾನೋ ಪರೀಕ್ಷೆಗಾಗಿ ಇಂಗ್ಲೆಂಡಿನಿಂದ ಬಂದಿದ್ದ ಪರೀಕ್ಷಕರೊಬ್ಬರ ಮೂಲಕ ಈ ಪರಿಚಯವಾದುದು ಮುಂದೆ ಇಡೀ ದೇಶದ ಪರಮಾಣು ಕಾರ್ಯಕ್ಕೇ ಬೀಜವಾಯಿತೆಂದು ಹೇಳಬಹುದು. ರಾಮಣ್ಣನವರು ಟಾಟಾ ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಬೀಜದ ವಿಷಯವಾಗಿ ವ್ಯಾಸಂಗ ಮಾಡಿ ಡಾಕ್ಟರ್ ಪದವಿಯನ್ನು ಗಳಿಸಿದರು. 1949ರ ಕೊನೆಯಲ್ಲಿ ಸ್ವದೇಶಕ್ಕೆ ಮರಳಿ, ಭಾಭಾ ಅವರು ಬೊಂಬಾಯಿಯಲ್ಲಿ ನಡೆಸುತ್ತಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಮಾಲತಿಯವರನ್ನು ವಿವಾಹವಾಗಿ ಮೂವರು ಮಕ್ಕಳ ತಂದೆಯೂ ಆದರು.

ಇನ್ನು ಮುಂದಿನ ಕಥೆಯನ್ನು ತಿಳಿಯಬೇಕಾದರೆ ಪರಮಾಣು ಕುಲುಮೆಯ ಸ್ವರೂಪವನ್ನು ಸ್ವಲ್ಪಮಟ್ಟಿಗೆ ತಿಳಿದಿರಬೇಕು. ನೆಲದಲ್ಲಿ ಸಿಕ್ಕುವ ಯುರೇನಿಯಂ ಲೋಹದಲ್ಲಿ ಎರಡು ಬಗೆಯ ಪರಮಾಣುಗಳು ಬೆರೆತಿರುತ್ತವೆ. ಸಾವಿರದಲ್ಲಿ ಏಳು ಮಾತ್ರ 235ರ ತೂಕದವು. ಉಳಿದವೆಲ್ಲಾ 238ರ ತೂಕದವು. ನ್ಯೂಟ್ರಾನೆಂಬ ಅತಿ ಸೂಕ್ಷ್ಮ ಕಣವು ತಗುಲಿದೊಡನೆ ಮೊದಲನೆಯ ಬಗೆಯದು ಇಬ್ಭಾಗವಾಗಿ ಸೀಳುತ್ತದೆ. ಅದರಿಂದ ಶಾಖವು ಹೊರಡುತ್ತದೆ. ಎರಡು ಮೂರು ಹೊಸ ನ್ಯೂಟ್ರಾನುಗಳೂ ಸಿಡಿದು ಇತರ ಪರಮಾಣುಗಳನ್ನು ಸೀಳುತ್ತವೆ. ಒಂದು ಕಿಲೋಗ್ರಾಂ ಲೋಹವು ಪೂರ್ತಿಯಾಗಿ ಸೀಳಿದರೆ ಸುಮಾರು 2,700 ಟನ್ ಕಲ್ಲಿದ್ದಲನ್ನು ಉರಿಸಿದಷ್ಟು ಶಾಖವು ದೊರೆಯುತ್ತದೆ. ಆ ಶಾಖದಿಂದ ನೀರನ್ನು ಕಾಯಿಸಿ, ಹಬೆಯಿಂದ ಚಕ್ರವನ್ನು ತಿರುಗಿಸಿದರೆ ವಿದ್ಯುಚ್ಛಕ್ತಿಯು ಹುಟ್ಟುತ್ತದೆ. ಇದು ಕುಲುಮೆಯ ಒಂದು ಮುಖ.

ಮತ್ತೊಂದು ಮುಖವು ಹೊರಗೆ ಕಾಣಬರುವುದಿಲ್ಲ. ಸೀಳದೆ ಉಳಿದ 238ರ ಬಗೆಯ ಪರಮಾಣುಗಳಲ್ಲಿ ಕೆಲವು ತಾವೇ ನ್ಯೂಟ್ರಾನನ್ನು ನುಂಗಿ, ಕೆಲವು ದಿನಗಳೊಳಗೆ ಪ್ಲುಟೋನಿಯಂ ಎಂಬ ಹೊಸ ಧಾತುವಾಗಿ ಮಾರ್ಪಡುತ್ತವೆ. ಕುಲುಮೆಯನ್ನು ಕಟ್ಟಿದವನು ಬಯಸಲಿ ಬಿಡಲಿ, ಉರಿ ಹೊತ್ತಿದೊಡನೆ ಈ ಕಾರ್ಯವು ನಡೆದೇ ತೀರುತ್ತದೆ. ಇಂಧನದ ಕಂಬಿಗಳನ್ನು ಬೇಗನೆ ಹೊರತೆಗೆದರೆ ಆಯುಧಕ್ಕೆ ಒದಗುವ ಶುದ್ಧ ಪ್ಲುಟೋನಿಯಂ ದೊರೆಯುತ್ತದೆ. ಬಹುಕಾಲ ಒಳಗೇ ಬಿಟ್ಟರೆ ವಿದ್ಯುತ್ತು ಹೆಚ್ಚು ದೊರೆತು, ಪ್ಲುಟೋನಿಯಂ ಬೆರಕೆಯಾಗಿ ಆಯುಧಕ್ಕೆ ಅಷ್ಟು ಯೋಗ್ಯವಾಗದೆ ಹೋಗುತ್ತದೆ. ಬೆಂಕಿ ಒಂದೇ, ಮಡಕೆಯನ್ನು ಎಷ್ಟು ಹೊತ್ತಿಗೆ ಇಳಿಸಬೇಕೆಂಬುದು ಒಲೆಯ ಮುಂದೆ ಕುಳಿತವರ ಮನಸ್ಸಿಗೆ ಸೇರಿದುದು. ಇಂಗ್ಲೆಂಡಿನ ಕಾಲ್ಡರ್ ಹಾಲ್ ಎಂಬಲ್ಲಿ 1956ನೆಯ ಇಸವಿ ಅಕ್ಟೋಬರ್ 17ರಂದು ಎಲಿಜಬೆತ್ ರಾಣಿಯವರು ಉದ್ಘಾಟಿಸಿದ ಕುಲುಮೆಯು ಈ ಎರಡು ಕಾರ್ಯಗಳಿಗಾಗಿಯೇ ಕಟ್ಟಲ್ಪಟ್ಟಿತ್ತು. ಊರಿಗೆ ದೀಪವನ್ನೂ ಸೈನ್ಯಕ್ಕೆ ಪ್ಲುಟೋನಿಯಂ ಅನ್ನೂ ಅದು ಏಕಕಾಲದಲ್ಲಿ ಒದಗಿಸುತ್ತಿತ್ತು.

ಪ್ಲುಟೋನಿಯಂನಿಂದ ಏನಾಗಬಲ್ಲುದೆಂಬುದನ್ನು ಲೋಕವು ಅದಕ್ಕೆ ಮೊದಲೇ ಕಂಡಿತ್ತು. 1945ನೆಯ ಇಸವಿ ಆಗಸ್ಟ್ 9ರಂದು ಜಪಾನಿನ ನಾಗಸಾಕಿ ಪಟ್ಟಣದ ಮೇಲೆ ಬಿದ್ದ ಬಾಂಬಿನಲ್ಲಿದ್ದುದು ಸುಮಾರು 6 ಕಿಲೋಗ್ರಾಂ ಪ್ಲುಟೋನಿಯಂ ಮಾತ್ರ. ಆ ವರ್ಷ ಮುಗಿಯುವುದರೊಳಗೆ ಸುಮಾರು 70,000 ಮಂದಿ ಮಡಿದರು. ಜಪಾನಿನಲ್ಲಿ ಕ್ರೈಸ್ತರು ಹೆಚ್ಚಾಗಿ ವಾಸಿಸುತ್ತಿದ್ದ ಪಟ್ಟಣವೂ ಅದೇ. ಅಲ್ಲಿನ ಉರಕಾಮಿಯ ದೊಡ್ಡ ದೇವಾಲಯವು ಪ್ರಾರ್ಥನೆಗೆ ಕೂಡಿದ್ದವರೊಡನೆ ನೆಲಸಮವಾಯಿತು. ಜುನ್‌ಶಿನ್ ಎಂಬ ಕ್ರೈಸ್ತ ಬಾಲಿಕಾ ಶಾಲೆಯೊಂದರ ಇನ್ನೂರಕ್ಕೂ ಮೇಲ್ಪಟ್ಟ ವಿದ್ಯಾರ್ಥಿನಿಯರು ಪ್ರಾಣ ಬಿಟ್ಟರು. ನಮ್ಮ ಬಾಲಿಕೆಯರು ಪ್ರತಿದಿನವೂ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಲ್ಲುವುದನ್ನು ಕಾಣುವಾಗ, ಆ ಶಾಲೆಯ ಸಾಲನ್ನು ನೆನೆಯದಿರುವುದು ನಮಗೆ ಸಾಧ್ಯವಾಗುವುದಿಲ್ಲ.

ಈ ಎರಡು ಮುಖದ ವಿದ್ಯೆಯನ್ನು ರಾಮಣ್ಣನವರು ತಮ್ಮ ಬಾಳಿನ ಕಾರ್ಯವನ್ನಾಗಿ ಆರಿಸಿಕೊಂಡರು. 1956ನೆಯ ಇಸವಿ ಆಗಸ್ಟ್ 4ರಂದು ಬೊಂಬಾಯಿಯ ಟ್ರಾಂಬೆಯಲ್ಲಿ ಅಪ್ಸರಾ ಎಂಬ ಮೊದಲನೆಯ ರಿಯಾಕ್ಟರು ಹೊತ್ತಿಕೊಂಡಾಗ ಅದನ್ನು ಸಿದ್ಧಪಡಿಸಿದವರಲ್ಲಿ ಅವರೂ ಒಬ್ಬರು. ಆಳು ಕಾಳುಗಳಿಲ್ಲದೆ ಹೊಲವು ಬೆಳೆಯದು. ಹಾಗೆಯೇ ತರಬೇತಾದ ತರುಣರಿಲ್ಲದೆ ಇಷ್ಟು ದೊಡ್ಡ ಕಾರ್ಯವು ಸಾಗದೆಂಬುದನ್ನು ಅರಿತು, 1957ರಲ್ಲಿ ಟ್ರಾಂಬೆಯಲ್ಲಿಯೇ ಒಂದು ಶಿಕ್ಷಣ ಶಾಲೆಯನ್ನು ತೆರೆಯಿಸಿದರು. ದೇಶದ ನಾನಾ ಮೂಲೆಗಳಿಂದ ಆಯ್ದು ಬಂದ ಪದವೀಧರರಿಗೆ ಅಲ್ಲಿ ಒಂದು ವರ್ಷ ಪಾಠ ಹೇಳಿ ಕೆಲಸಕ್ಕೆ ಕಳುಹಿಸಲಾಗುತ್ತಿತ್ತು. ಮುಂದೆ ಪರಮಾಣು ಇಲಾಖೆಯನ್ನು ನಡೆಸಿದ ಹಿರಿಯರಲ್ಲಿ ಅನೇಕರು ಆ ಶಾಲೆಯ ಶಿಷ್ಯರೇ. ಗುರುವಾಗಿ ಅವರು ಮಾಡಿದ ಈ ಸೇವೆಯನ್ನು ನಾವು ಅವರ ಎಲ್ಲಾ ಸೇವೆಗಳಲ್ಲಿ ಮಿಗಿಲೆಂದು ಎಣಿಸುತ್ತೇವೆ. ಪರಮಾಣು ಬೀಜವು ಸೀಳುವ ಬಗೆಯನ್ನು ಕುರಿತು ಸ್ವತಃ ನಡೆಸಿದ ಸಂಶೋಧನೆಗಾಗಿ 1963ರಲ್ಲಿ ಅವರಿಗೆ ಭಟ್ನಾಗರ್ ಪಾರಿತೋಷಕವೂ ದೊರೆಯಿತು.

1960ರಲ್ಲಿ ಟ್ರಾಂಬೆಯಲ್ಲಿ ಸೈರಸ್ ಎಂಬ ಇನ್ನೊಂದು ಕುಲುಮೆಯು ಕೆಲಸವನ್ನು ಪ್ರಾರಂಭಿಸಿತು. ಕೆನಡಾ ದೇಶವು ಅದನ್ನು ಕಟ್ಟಲು ನೆರವಾಗಿತ್ತು. ಅಮೆರಿಕವು ಭಾರಜಲವನ್ನು ಒದಗಿಸಿತ್ತು. ಶಾಂತಿಯ ಕಾರ್ಯಗಳಿಗೆ ಮಾತ್ರ ಅದನ್ನು ಉಪಯೋಗಿಸತಕ್ಕದ್ದೆಂದು ಮಾತಾಗಿತ್ತು. ಅದು ವಿದ್ಯುತ್ತನ್ನು ಕೊಡುವ ಕುಲುಮೆಯಲ್ಲ, ಸಂಶೋಧನೆಯ ಕುಲುಮೆ. ಆದರೆ ಅದರ ಒಡಲಲ್ಲಿಯೂ ಪ್ಲುಟೋನಿಯಂ ಹುಟ್ಟುತ್ತಲೇ ಇತ್ತು. ಅದನ್ನು ಬೇರ್ಪಡಿಸುವ ಕಾರ್ಖಾನೆಯೂ 1964ರಲ್ಲಿ ಸಿದ್ಧವಾಯಿತು. ಆ ವರ್ಷವೇ ಚೀನಾ ದೇಶವು ತನ್ನ ಮೊದಲನೆಯ ಪರಮಾಣು ಬಾಂಬನ್ನು ಸಿಡಿಸಿತು. 1966ನೆಯ ಇಸವಿ ಜನವರಿ 24ರಂದು ಭಾಭಾ ಅವರು ಆಲ್ಪ್ಸ್ ಪರ್ವತದ ಮೇಲೆ ನಡೆದ ವಿಮಾನಾಪಘಾತದಲ್ಲಿ ಮಡಿದರು. ಗುರುವಿನ ಭಾರವು ಶಿಷ್ಯರ ಹೆಗಲಿಗೆ ಬಂತು.

1972ರಲ್ಲಿ ರಾಮಣ್ಣನವರು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಪ್ರಧಾನಿ ಇಂದಿರಾ ಗಾಂಧಿಯವರ ಒಪ್ಪಿಗೆಯನ್ನು ಪಡೆದು, ನೂರಕ್ಕಿಂತಲೂ ಕಡಿಮೆ ಜನರು ಅತಿ ಗುಟ್ಟಿನಿಂದ ನಡೆಸಿದ ಕಾರ್ಯಕ್ಕೆ ಅವರೇ ಮುಂದಾಳು. 1974ನೆಯ ಇಸವಿ ಮೇ 18ರ ಬೆಳಗ್ಗೆ ಎಂಟು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ರಾಜಸ್ಥಾನದ ಪೋಖ್ರಾನಿನ ಮರಳುಗಾಡಿನಲ್ಲಿ 107 ಮೀಟರು ಆಳದ ಗುಂಡಿಯೊಳಗೆ ಇಟ್ಟಿದ್ದ ಸಾಧನವು ಸಿಡಿದು, ನೆಲವು ಗುಡ್ಡದಂತೆ ಮೇಲೆದ್ದು ಕುಸಿಯಿತು. ಅದರಲ್ಲಿದ್ದುದು ಸೈರಸ್ ಕುಲುಮೆಯಲ್ಲಿ ಹುಟ್ಟಿದ ಪ್ಲುಟೋನಿಯಂ. ಅಹಿಂಸೆಯನ್ನು ಬೋಧಿಸಿದ ಬುದ್ಧನ ಹೆಸರು ಆ ಸ್ಫೋಟಕ್ಕೆ ಹೇಗೋ ಅಂಟಿಕೊಂಡು ಲೋಕದಲ್ಲಿ ಪ್ರಸಿದ್ಧವಾಯಿತು.

ದೇಶವು ಹಿಗ್ಗಿತು. ರಾಮಣ್ಣನವರಿಗೆ ಮರುವರ್ಷ ಪದ್ಮವಿಭೂಷಣ ಬಿರುದು ದೊರೆಯಿತು. ಅದು ಶಾಂತಿಯುತವಾದ ಸ್ಫೋಟವೆಂದೂ, ಗಣಿ ಕಾಲುವೆಗಳನ್ನು ತೋಡುವುದಕ್ಕೆ ಒದಗುವ ವಿದ್ಯೆಯೆಂದೂ ಸರಕಾರವು ಸಾರಿತು. ಆದರೆ ಕೆನಡಾ ದೇಶವು ಆ ವಿವರಣೆಯನ್ನು ಒಪ್ಪಲಿಲ್ಲ. ಕೊಟ್ಟ ಮಾತು ಮುರಿಯಿತೆಂದು ಬಗೆದು ತನ್ನ ಸಹಾಯವನ್ನು ನಿಲ್ಲಿಸಿತು. ರಾಜಸ್ಥಾನದಲ್ಲಿ ಕಟ್ಟುತ್ತಿದ್ದ ಎರಡನೆಯ ವಿದ್ಯುತ್ ಕುಲುಮೆಯು ಅರ್ಧಕ್ಕೆ ನಿಂತು, ನಮ್ಮ ಎಂಜಿನಿಯರುಗಳೇ ಅದನ್ನು ಮುಗಿಸಬೇಕಾಯಿತು. ಪರಮಾಣು ಸಾಮಗ್ರಿಗಳನ್ನು ಮಾರುವ ದೇಶಗಳು ಒಂದಾಗಿ ನಮಗೆ ಬಾಗಿಲನ್ನು ಮುಚ್ಚಿದುವು. ಒಂದು ಬೆಳಗಿನ ಸಿಡಿತಕ್ಕೆ ದೀಪದ ಕಾರ್ಯವು ಹತ್ತಾರು ವರ್ಷ ಹಿಂದೆ ಬಿದ್ದಿತೆಂದು ಹೇಳುವವರೂ, ಆ ಕಷ್ಟದಿಂದಲೇ ನಾವು ನಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿತೆವೆಂದು ಹೇಳುವವರೂ ಇದ್ದಾರೆ. ಎರಡು ಮಾತಿನಲ್ಲಿಯೂ ಸತ್ಯವಿದೆ. 1997ರಲ್ಲಿ, ಇಪ್ಪತ್ತಮೂರು ವರ್ಷಗಳ ತರುವಾಯ, ಅಂದು ಸಿಡಿಸಿದ್ದು ಬಾಂಬೇ ಹೊರತು ಬೇರೆಯಲ್ಲವೆಂದು ರಾಮಣ್ಣನವರೇ ಬಹಿರಂಗವಾಗಿ ಒಪ್ಪಿಕೊಂಡರು. ಬಹುಕಾಲ ಮುಚ್ಚಿಟ್ಟ ಮಾತನ್ನು ಮುಪ್ಪಿನಲ್ಲಿಯಾದರೂ ನೇರವಾಗಿ ಆಡಿದ್ದನ್ನು ನಾವು ಅವರ ಗುಣಗಳಲ್ಲಿ ಸೇರಿಸುತ್ತೇವೆ. ಅಷ್ಟು ಕಾಲ ಪ್ರಜೆಗಳಿಗೆ ಅದು ತಿಳಿಯದೆ ಹೋದುದನ್ನು ಗುಣವೆನ್ನಲಾರೆವು.

1978ರಿಂದ 1981ರವರೆಗೆ ರಕ್ಷಣಾ ಮಂತ್ರಿಗಳ ವೈಜ್ಞಾನಿಕ ಸಲಹೆಗಾರರಾಗಿದ್ದು, ಮತ್ತೆ ಟ್ರಾಂಬೆಗೆ ಬಂದು, 1983ರಿಂದ 1987ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಪದವಿಯನ್ನು ವಹಿಸಿದರು. ಆ ಅವಧಿಯಲ್ಲಿ ಮದರಾಸಿನ ಬಳಿಯ ಕಲ್ಪಾಕ್ಕದ ಕುಲುಮೆಗಳು ವಿದ್ಯುತ್ತನ್ನು ಕೊಡತೊಡಗಿದುವು. 1985ರಲ್ಲಿ ಟ್ರಾಂಬೆಯ ಧ್ರುವ ಎಂಬ ದೊಡ್ಡ ಸಂಶೋಧನಾ ಕುಲುಮೆಯು ಹೊತ್ತಿತು. ಇಂದೋರಿನಲ್ಲಿ ಕಿರಣ ವಿಜ್ಞಾನದ ಹೊಸ ಕೇಂದ್ರವು ಹುಟ್ಟಿತು. 1983ರ ನವೆಂಬರಿನಲ್ಲಿ ಸುರಕ್ಷತೆಯನ್ನು ನೋಡಿಕೊಳ್ಳುವ ಮಂಡಲಿಯೊಂದು ಸ್ಥಾಪಿತವಾಯಿತು. 2000ನೆಯ ಇಸವಿಯೊಳಗೆ ಹತ್ತು ಸಾವಿರ ಮೆಗಾವಾಟ್ ವಿದ್ಯುತ್ತನ್ನು ಪರಮಾಣುವಿನಿಂದ ಪಡೆಯತಕ್ಕದ್ದೆಂಬ ದೊಡ್ಡ ಸಂಕಲ್ಪವನ್ನೂ ಆಗಲೇ ಮಾಡಲಾಯಿತು. ಆ ವರ್ಷ ಬಂದಾಗ ಕೈಗೂಡಿದ್ದುದು 2,720 ಮೆಗಾವಾಟ್ ಮಾತ್ರ. ಹಣದ ಅಭಾವ, ಹೊರದೇಶಗಳ ತಡೆ, ಕೆಲಸದ ನಿಧಾನ, ಈ ಮೂರೂ ಸೇರಿ ಸಂಕಲ್ಪವು ಕಾಲು ಭಾಗದ ಆಸುಪಾಸಿಗೆ ನಿಂತಿತು.

ಆ ಸಂಕಲ್ಪದ ಒಂದು ಫಲವು ನಮ್ಮ ಕರ್ನಾಟಕಕ್ಕೆ ದೊರೆಯಿತು. ಕಾರವಾರ ತಾಲ್ಲೂಕಿನ ಕಾಳೀ ನದಿಯ ದಂಡೆಯಲ್ಲಿರುವ ಕೈಗಾ ಎಂಬ ಕಾಡಿನ ಊರನ್ನು ಪರಮಾಣು ವಿದ್ಯುತ್ ಕೇಂದ್ರಕ್ಕಾಗಿ ಆರಿಸಲಾಯಿತು. 1986ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಬಿಲ್‌ನಲ್ಲಿ ಸಂಭವಿಸಿದ ಅನಾಹುತದ ಸುದ್ದಿಯು ಇನ್ನೂ ಹಸಿಯಾಗಿದ್ದ ಕಾಲವದು. ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. ಕಡಲ ತೀರದ ಭಾರ್ಗವರೆನಿಸಿದ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಕೈಗಾ ಕೇಂದ್ರವನ್ನು ವಿರೋಧಿಸಿ, 1989ರ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ಕೇಂದ್ರವನ್ನು ಕಟ್ಟಬಯಸಿದ ಕನ್ನಡಿಗರೂ, ಬೇಡವೆಂದ ಕನ್ನಡಿಗರೂ ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು. ಅಂತಹವರಲ್ಲಿ ಭಿನ್ನಾಭಿಪ್ರಾಯ ಬಂದಾಗ ಜನರು ಎರಡೂ ಕಡೆಯ ಮಾತನ್ನು ಕೇಳಿ ತಿಳಿಯಬೇಕೆಂಬುದೇ ನಮ್ಮ ಅಭಿಪ್ರಾಯ.

ಕಾರಂತರ ಕಡೆಯವರ ಭಯವು ಬರಿಯ ಭ್ರಮೆಯಾಗಿರಲಿಲ್ಲ. 1994ರ ಮೇ ತಿಂಗಳಿನಲ್ಲಿ ಕಟ್ಟುತ್ತಿದ್ದ ಕುಲುಮೆಯೊಂದರ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ದೊಡ್ಡ ವಿಪತ್ತು ತಪ್ಪಿತು. 2009ರ ನವೆಂಬರಿನಲ್ಲಿ ಕೆಲಸಗಾರರು ಕುಡಿಯುವ ನೀರಿನ ಯಂತ್ರದಲ್ಲಿ ಟ್ರೈಟಿಯಂ ಬೆರೆತ ನೀರು ಸೇರಿ, ಐವತ್ತಕ್ಕೂ ಮೇಲ್ಪಟ್ಟ ಮಂದಿಯನ್ನು ಪರೀಕ್ಷೆಗೊಳಪಡಿಸಬೇಕಾಯಿತು. ಮತ್ತೊಂದು ಕಡೆ, ಕಟ್ಟಿದವರ ಹೆಮ್ಮೆಯೂ ಬರಿಯ ಜಂಬವಲ್ಲ. 2000ದಿಂದ 2011ರವರೆಗೆ ಒಂದೊಂದಾಗಿ ಕೆಲಸಕ್ಕೆ ಬಂದ, ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಮೊದಲನೆಯದು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನಗಳು ಒಂದು ಗಳಿಗೆಯೂ ನಿಲ್ಲದೆ ನಡೆದು ಲೋಕದಲ್ಲೇ ದಾಖಲೆಯನ್ನು ಸ್ಥಾಪಿಸಿತು. ಆ ವಿದ್ಯುತ್ತು ದಕ್ಷಿಣದ ಜಾಲದಲ್ಲಿ ಬೆರೆಯುತ್ತದೆ. ಹೊಸದುರ್ಗ ಹೊಳಲ್ಕೆರೆಗಳ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ವಿದ್ಯುತ್ತಿನೊಡನೆ ಕೂಡಿಕೊಂಡ ಮೇಲೆ, ನಮ್ಮ ಮನೆಯ ದೀಪವು ಗಾಳಿಯಿಂದ ಉರಿಯುತ್ತಿದೆಯೋ ಕೈಗಾದಿಂದ ಉರಿಯುತ್ತಿದೆಯೋ ಯಾರೂ ಹೇಳಲಾರರು.

ಆದರೆ ಕೈಗಾದ ಕುಲುಮೆಗಳಿಗೂ ಎರಡು ಮುಖಗಳಿವೆಯೆಂಬುದು 2006ರಲ್ಲಿ ಬೆಳಕಿಗೆ ಬಂತು. ಆ ವರ್ಷ ಅಮೆರಿಕದೊಡನೆ ಒಪ್ಪಂದ ಮಾಡಿಕೊಳ್ಳುವಾಗ, ನಮ್ಮ ಸರಕಾರವು 22 ವಿದ್ಯುತ್ ಕುಲುಮೆಗಳಲ್ಲಿ 14ನ್ನು ಅಂತರರಾಷ್ಟ್ರೀಯ ಪರೀಕ್ಷಕರ ಕಣ್ಣಿಗೆ ತೆರೆಯುವುದಾಗಿಯೂ, 8ನ್ನು ತೆರೆಯುವುದಿಲ್ಲವೆಂದೂ ಗೊತ್ತುಮಾಡಿತು. ತೆರೆಯದೆ ಉಳಿದ ಎಂಟರಲ್ಲಿ ಕೈಗಾದ ನಾಲ್ಕೂ ಸೇರಿವೆ. ಅಲ್ಲಿನ ಪ್ಲುಟೋನಿಯಂ ಅನ್ನು ಆಯುಧಕ್ಕೆ ಬಳಸಿದ್ದಾರೆಂದು ನಾವು ಹೇಳುತ್ತಿಲ್ಲ. ಭಾಭಾ ಅವರು ಹಾಕಿಕೊಟ್ಟ ಮೂರು ಮೆಟ್ಟಿಲಿನ ಯೋಜನೆಯಂತೆ ಆ ಪ್ಲುಟೋನಿಯಂ ಮುಂದಿನ ಬಗೆಯ ಕುಲುಮೆಗಳಿಗೆ ಇಂಧನವೂ ಆಗಬಲ್ಲುದು, ತರುವಾಯ ನಮ್ಮ ಕಡಲ ತೀರದ ಥೋರಿಯಂ ಮರಳಿಗೆ ದಾರಿಯೂ ಆಗಬಲ್ಲುದು. ಬಾಗಿಲು ಎರಡು ಕಡೆಗೂ ತೆರೆದಿದೆಯೆಂಬುದನ್ನು ಮಾತ್ರ ಓದುಗರ ಗಮನಕ್ಕೆ ತರುತ್ತೇವೆ. ಇದು ನಡೆಯುವ ವೇಳೆಗೆ ರಾಮಣ್ಣನವರು ಈ ಲೋಕದಲ್ಲಿ ಇರಲಿಲ್ಲ.

ಇದೇ ಕಾರ್ಯದ ಒಂದು ಕೊಂಬೆಯು ನಮ್ಮ ಜಿಲ್ಲೆಗೂ ಚಾಚಿತು. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಭೂಮಿಯನ್ನು 2008ರಿಂದೀಚೆಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ವಹಿಸಲಾಯಿತು. ಅದರಲ್ಲಿ ಉಳ್ಳಾರ್ತಿ ಕಾವಲಿನ 1,810 ಎಕರೆಯು ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ, ಯುರೇನಿಯಂ ಅನ್ನು ಸಾರವತ್ತಾಗಿ ಮಾಡುವ ಕಾರ್ಖಾನೆಗಾಗಿ ಸಂದಿತು. ಸ್ವಲ್ಪ ಸಾರವಾದರೆ ಅದು ವಿದ್ಯುತ್ತಿಗೆ ಇಂಧನ; ಬಹಳ ಸಾರವಾದರೆ ಆಯುಧಕ್ಕೆ ಸಾಮಗ್ರಿ. ಇಲ್ಲಿಯೂ ಆ ಒನಕೆಯ ಮಾತೇ. ತಲೆಮಾರುಗಳಿಂದ ಅಲ್ಲಿ ದನಕುರಿಗಳನ್ನು ಮೇಯಿಸುತ್ತಿದ್ದವರು ಬೇಲಿಯೆದ್ದುದನ್ನು ಕಂಡು ನೊಂದು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿದರು. ದೇಶದ ದೊಡ್ಡ ಕಾರ್ಯಗಳಿಗೆ ಬೆಲೆ ತೆರುವವರು ಅನೇಕ ವೇಳೆ ಆ ಕಾರ್ಯದ ಹೆಸರನ್ನೂ ಕೇಳದ ಬಡವರೆಂಬುದನ್ನು ನಾವು ಮರೆಯಬಾರದು.

ಅಧಿಕಾರದಿಂದ ನಿವೃತ್ತರಾದ ಮೇಲೆ ರಾಮಣ್ಣನವರು ಬೆಂಗಳೂರಿಗೆ ಬಂದು, ಜೆ. ಆರ್. ಡಿ. ಟಾಟಾ ಅವರ ಅಪೇಕ್ಷೆಯಂತೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿ ಅದರ ಮೊದಲನೆಯ ನಿರ್ದೇಶಕರಾದರು. ವಿಜ್ಞಾನಿಗಳೂ ತತ್ತ್ವಜ್ಞರೂ ಆಡಳಿತಗಾರರೂ ಒಂದೇ ಕೊಠಡಿಯಲ್ಲಿ ಕುಳಿತು ವಿಚಾರ ಮಾಡಬೇಕೆಂಬುದು ಆ ಸಂಸ್ಥೆಯ ಗುರಿ. 1990ರಲ್ಲಿ ಕೆಲವು ಕಾಲ ಕೇಂದ್ರ ಸರಕಾರದಲ್ಲಿ ರಕ್ಷಣಾ ಖಾತೆಯ ರಾಜ್ಯಮಂತ್ರಿಗಳಾಗಿಯೂ, 1997ರಿಂದ 2003ರವರೆಗೆ ರಾಜ್ಯಸಭೆಯ ನಾಮಕರಣಗೊಂಡ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. ತಮ್ಮ ಆತ್ಮಕಥೆಯನ್ನು 1991ರಲ್ಲಿ ಪ್ರಕಟಿಸಿ, ಅದಕ್ಕೆ ಯಾತ್ರೆಯ ವರ್ಷಗಳೆಂಬ ಅರ್ಥದ ಇಂಗ್ಲಿಷ್ ಹೆಸರನ್ನಿಟ್ಟರು. ಲಿಸ್ಟ್ ಎಂಬ ಸಂಗೀತಗಾರನ ಪಿಯಾನೋ ಕೃತಿಗಳ ಹೆಸರೂ ಅದೇ. 1993ರಲ್ಲಿ ನಮ್ಮ ರಾಗಪದ್ಧತಿಯನ್ನೂ ಪಾಶ್ಚಾತ್ಯ ಸಂಗೀತವನ್ನೂ ತೂಗಿ ನೋಡಿದ ಗ್ರಂಥವೊಂದನ್ನು ಬರೆದರು. ಹಗಲೆಲ್ಲಾ ರಾಜ್ಯಕಾರ್ಯದಲ್ಲಿ ಮುಳುಗಿದ್ದರೂ ಪಿಯಾನೋ ನುಡಿಸುವ ಅಭ್ಯಾಸವನ್ನು ಅವರು ಬಿಡಲಿಲ್ಲ, ಸಭೆಗಳಲ್ಲಿಯೂ ನುಡಿಸುತ್ತಿದ್ದರು.

2004ನೆಯ ಇಸವಿ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಅವರು ದೈವಾಧೀನರಾದರು. ಮರುವರ್ಷ ಇಂದೋರಿನ ಕೇಂದ್ರಕ್ಕೆ ಅವರ ಹೆಸರನ್ನು ಇಡಲಾಯಿತು.

ಇಂತಹ ಬಾಳಿನಿಂದ ನಾವು ಕಲಿಯತಕ್ಕ ಪಾಠವೇನು? ಮೊದಲನೆಯದಾಗಿ, ಶ್ರದ್ಧೆ. ತುಮಕೂರು ಸೀಮೆಯ ಹುಡುಗನೊಬ್ಬನು ಓದುವ ತಾಯಿಯ ಮಡಿಲಿನಲ್ಲಿಯೂ ದುಡಿಯುವ ಚಿಕ್ಕಮ್ಮನ ಕಣ್ಣೆದುರಿನಲ್ಲಿಯೂ ಬೆಳೆದು, ಲೋಕದ ಅತಿ ಕಠಿನವಾದ ವಿದ್ಯೆಯೊಂದನ್ನು ಕೈವಶ ಮಾಡಿಕೊಂಡು, ಅದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಸಾವಿರಾರು ತರುಣರಿಗೆ ಹಂಚಿದರು. ಎರಡನೆಯದಾಗಿ, ವಿದ್ಯೆಯಿಂದ ಕೈಗೆ ಬಂದ ಶಕ್ತಿಗೆ ತಾನಾಗಿ ಒಳ್ಳೆಯದು ಕೆಟ್ಟದ್ದರ ಭೇದವಿಲ್ಲವೆಂಬ ಅರಿವು. ಕುಲುಮೆಯು ತನ್ನಷ್ಟಕ್ಕೆ ತಾನು ದೀಪವನ್ನೂ ಆರಿಸಿಕೊಳ್ಳದು, ಬಾಂಬನ್ನೂ ಆರಿಸಿಕೊಳ್ಳದು. ಆರಿಸುವವರು ಮನುಷ್ಯರು. ರಾಮಣ್ಣನವರು ಎರಡನ್ನೂ ಆರಿಸಿಕೊಂಡರು. ದೇಶದ ರಕ್ಷಣೆಗೆ ಅದು ಅವಶ್ಯಕವೆಂದು ಅವರು ನಂಬಿದ್ದರು. ನೆರೆಯಲ್ಲಿ ಆಯುಧವನ್ನು ಹಿಡಿದ ರಾಜ್ಯಗಳಿದ್ದಾಗ ಬರಿಗೈಯಲ್ಲಿ ನಿಲ್ಲುವುದು ವಿವೇಕವಲ್ಲವೆಂಬ ವಾದದಲ್ಲಿ ಬಲವಿದೆ. ಓಬವ್ವನೂ ಬರಿಗೈಯಲ್ಲಿ ನಿಲ್ಲಲಿಲ್ಲ. ಆದರೆ ಓಬವ್ವನ ಒನಕೆಯು ತಾಗಿದ್ದು ಕೋಟೆಯೊಳಗೆ ನುಗ್ಗಿ ಬಂದವನ ತಲೆಗೆ ಮಾತ್ರ. ನಾಗಸಾಕಿಯ ಬಾಂಬಿಗೆ ಸೈನಿಕನೂ ಶಾಲೆಯ ಬಾಲಿಕೆಯೂ ಬೇರೆ ಬೇರೆಯಾಗಿ ಕಾಣಲಿಲ್ಲ. ಹೋಲಿಕೆಯು ಅಲ್ಲಿಗೆ ಮುರಿದು ಬೀಳುತ್ತದೆ.

ಮತ್ತೊಂದು ಭೇದವೂ ಉಂಟು. ಕಾಳಗ ಮುಗಿದ ಮೇಲೆ ಒನಕೆಯನ್ನು ತೊಳೆದು ಮತ್ತೆ ಒರಳಿಗೆ ಹಾಕಬಹುದು. ಪ್ಲುಟೋನಿಯಂನ ವಿಷವು ಹಾಗೆ ತೊಳೆದು ಹೋಗತಕ್ಕದ್ದಲ್ಲ; ಅದರ ಅರ್ಧಾಂಶವು ಕ್ಷಯಿಸುವುದಕ್ಕೆ 24,100 ವರ್ಷಗಳು ಬೇಕು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಕಳಿಂಗದ ಹತ್ಯೆಯನ್ನು ಕಂಡು ಪಶ್ಚಾತ್ತಾಪಪಟ್ಟು ಖಡ್ಗವನ್ನು ಕೆಳಗಿಟ್ಟ ಅಶೋಕ ಚಕ್ರವರ್ತಿಯ ಬಂಡೆಶಾಸನವಿದೆ. ಅದು ಕೆತ್ತಲ್ಪಟ್ಟು ಸುಮಾರು 2,250 ವರ್ಷಗಳಾದುವು. ಅಷ್ಟರಲ್ಲಿಯೇ ಅದರ ಲಿಪಿಯನ್ನು ಓದಬಲ್ಲವರು ಇಲ್ಲದೆ ಹೋಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರು ಹೊಸದಾಗಿ ಅದನ್ನು ಕಲಿಯಬೇಕಾಯಿತು. ಅದರ ಹತ್ತು ಪಟ್ಟು ಕಾಲ ಕಾಯಬೇಕಾದ ವಸ್ತುವನ್ನು ನಾವು ಈ ಮೂರು ತಲೆಮಾರುಗಳಲ್ಲಿ ಹುಟ್ಟಿಸಿದ್ದೇವೆ. ಅದನ್ನು ಕಾಯುವವರು ಯಾರು? ಇಂದು ನಮ್ಮ ಬೆಂಚುಗಳ ಮೇಲೆ ಕುಳಿತಿರುವ ಬಾಲಿಕೆಯರು, ಅವರ ಮಕ್ಕಳು, ಆ ಮಕ್ಕಳ ಮಕ್ಕಳು.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಹೆಣ್ಣುಮಕ್ಕಳಿಗೆ ಭೌತಶಾಸ್ತ್ರವು ಕಷ್ಟವೆಂದು ಹಿಂದೆಗೆಯದಿರಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಸ್ಸು ಹತ್ತಿ ಬಂದು ಓದುವ ಮಗಳು ನಾಳೆ ಕೈಗಾದ ಕುಲುಮೆಯ ಮುಂದೆ ಕುಳಿತರೂ ಕುಳಿತಾಳು. ಚಳ್ಳಕೆರೆಯ ಬೇಲಿಯ ಒಳಗೆ ಕೆಲಸ ಮಾಡಿದರೂ ಮಾಡಿಯಾಳು. ಬೇಲಿಯ ಹೊರಗೆ ನಿಂತು ನ್ಯಾಯವನ್ನು ಕೇಳಿದರೂ ಕೇಳಿಯಾಳು. ಎಲ್ಲಿ ನಿಂತರೂ ಆಕೆಗೆ ವಿಷಯವು ಚೆನ್ನಾಗಿ ತಿಳಿದಿರಬೇಕು, ಮನಸ್ಸಿನಲ್ಲಿ ಕರುಣೆಯಿರಬೇಕು, ಸತ್ಯವನ್ನು ಆಡುವ ಧೈರ್ಯವಿರಬೇಕು. ಈ ಮೂರನ್ನು ಕೊಡುವುದಕ್ಕಾಗಿಯೇ ನಮ್ಮ ಶಾಲೆಯು ಬಾಗಿಲನ್ನು ತೆರೆದಿರುವುದು. ಕರುಣಾಮಯನಾದ ದೇವರು ನಮ್ಮ ಬಾಲಿಕೆಯರಿಗೆ ರಾಮಣ್ಣನವರ ಶ್ರದ್ಧೆಯನ್ನೂ, ಅವರನ್ನು ಬೆಳೆಸಿದ ಆ ಇಬ್ಬರು ತಾಯಂದಿರ ವಿವೇಕವನ್ನೂ ಕರುಣಿಸಲೆಂದು ಪ್ರಾರ್ಥಿಸಿ, ಈ ಚರಿತ್ರೆಯನ್ನು ಮುಗಿಸುತ್ತೇವೆ.